ಫೈಬರ್ ದೋಣಿಗೆ ಡಾಂಬರು ಬಳಿಯಬ್ಯಾಡ್ರಿ

ಹೊಳೆ ಆಚೆ ತೋಟ ಇರೋರಿಗೆ ಈ ಬರಹ.

ಹೋದ ಚಳಿಗಾಲದಾಗ ನಾನು, ನನ್ನ ತಮ್ಮ ಸೇರಿ ಡ್ಯಾಮಿನ ಹಿನ್ನೀರಿನ ಕಡೆಯಿಂದ ಒಂದು ಹಳೇ ಫೈಬರ್ ದೋಣಿ ತಂದ್ವಿ. ಅದರ ಮುಂದಿನ ಡೆಕ್ಕು, ಅಂದ್ರೆ ಕಾಲಿಟ್ಟು ಹತ್ತೋ ಇಳಿಯೋ ಜಾಗ, ಅಲ್ಲಿ ಅಂಗೈಯಷ್ಟು ಗಾಯ. ಮಾರಿದವರು ಮ್ಯಾಲೆ ಡಾಂಬರು ಬಳಿದು ಕೊಟ್ಟಿದ್ರು. ಕಾಲಿಟ್ರೆ ಮೆತ್ತಗೆ ಕುಸೀತಿತ್ತು. ಬಾಳೆಗೊನೆ ಹೊತ್ತವರು ಕಾಲಿಡೋದು ಅಲ್ಲೇ. ಹೆಗಲ ಮ್ಯಾಲೆ ಗೊನೆ ಇದ್ದಾಗ ಕಾಲು ಒಳಗ ಹೋದ್ರೆ ಮನುಷ್ಯ ನೇರ ನೀರಿಗೆ, ನಮ್ಮ ತುಂಗಭದ್ರೆಯ ತಳದಾಗ ಎಲ್ಲಾ ಬಂಡೆ. ಅದಕ್ಕ ನೀರಿಗೆ ಇಳಿಸೋಕೆ ಮುಂಚೆ ರಿಪೇರಿಗೆ ಕುಂತ್ವಿ.

ಡಾಂಬರು ನಮ್ಮ ಕಡೆ ಹಳೇ ರೂಢಿ. ಬಿದಿರಿನ ತೆಪ್ಪಕ್ಕ ಅದು ಸರೀನೇ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಇಲ್ಲಿನ ಬುಟ್ಟಿಯಂಥ ದುಂಡನೆ ತೆಪ್ಪದ ಬಗ್ಗೆ ಬರೆದಾನ, ಒಳಗ ಬೆತ್ತ, ಹೊರಗ ಚರ್ಮ ಅಂತ. ಈಗ ಚರ್ಮದ ಜಾಗದಾಗ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ಹರಿದಲ್ಲಿ ತೇಪೆ ಹಾಕಿ ಬಳಿದ್ರೆ ಮುಗೀತು. ಫೈಬರ್ ಹಂಗಲ್ಲ. ಡಾಂಬರಿನ ಜಿಡ್ಡು ಇದ್ದಲ್ಲಿ ರೆಸಿನ್ ಹಿಡಿಯಂಗಿಲ್ಲ. ಅದೂ ಅಲ್ಲದೆ ಬಿರುಕಿನಿಂದ ಒಳಗ ಹೋದ ನೀರು ಆರದೆ ಅಲ್ಲೇ ನಿಂತು, ಡೆಕ್ಕಿನ ನಡುವಿನ ಪ್ಲೈವುಡ್ ಕೊಳೀತೈತಿ.

ಎಷ್ಟು ಕೊಳೆತೈತಿ ಅಂತ ತಿಳಿಯೋಕೆ ಚೂರಿ ಹಿಡಿಯಿಂದ ತಟ್ಟಿ ನೋಡ್ರಿ. ಗಟ್ಟಿ ಇದ್ರೆ ಟಣ್ ಅಂತೈತಿ, ಕೊಳೆತಿದ್ರೆ ದಬ್ ಅಂತೈತಿ. ಗಾಯ ಅಂಗೈಯಷ್ಟು, ಸುಣ್ಣದಕಡ್ಡಿಯಿಂದ ಗೆರೆ ಎಳೆದ ಮ್ಯಾಲೆ ಅದು ಊಟದ ತಟ್ಟೆಯಷ್ಟಾಯ್ತು! ಅಷ್ಟನ್ನೂ ಕತ್ತರಿಸಬೇಕು. ತಮ್ಮ, "ಅಣ್ಣಾ, ಚೊಲೋ ದೋಣಿ ಕೆಡಿಸ್ತಿದೀಯಲ್ಲೋ" ಅಂದ. ಕೆಳಗಿನ ಕಪ್ಪು ಹಲಗೆ ಕೈಯಾಗ ಒದ್ದೆ ಹಿಟ್ಟಿನಂಗ ಬಂದಾಗ ಸುಮ್ಮನಾದ.

ಡಾಂಬರನ್ನ ಮೊದಲು ಕೆರೆದು ಅಸಿಟೋನಿನಿಂದ ಒರೆಸ್ರಿ. ಒರೆಸದೆ ಗ್ರೈಂಡರ್ ಹಿಡಿದ್ರೆ ಜಿಡ್ಡು ಇನ್ನೂ ಹರಡ್ತೈತಿ. ಆಮೇಲೆ ಪೂರ್ತಿ ಒಣಗೋವರೆಗೆ ಬಿಸಿಲಿಗೆ ಬಿಡ್ರಿ. ನಮ್ಮ ಹೊಸಪೇಟೆ ಬಿಸಿಲು ಇಂಥದ್ದಕ್ಕಾದ್ರೂ ಉಪಯೋಗ. ಅಂಚನ್ನ ಇಳಿಜಾರಾಗಿ ಉಜ್ಜಬೇಕು, ಫೈಬರಿನ ದಪ್ಪದ 12 ಪಟ್ಟು ಅಗಲ. 3 ಮಿ.ಮೀ. ದಪ್ಪಕ್ಕ ಸುತ್ತ ಸುಮಾರು ಒಂದೂವರೆ ಇಂಚು. ನೇರ ಅಂಚು ಬಿಟ್ರೆ ತೇಪೆ ಅಲ್ಲೇ ಬಿಟ್ಕೊಂತೈತಿ. ಆ ಧೂಳು ಗಾಜು, ಮೈ ಉರೀತೈತಿ. ಕನ್ನಡಕ, ಮಾಸ್ಕು, ತುಂಬು ತೋಳಿನ ಅಂಗಿ ಬೇಕೇ ಬೇಕು.

ಹೊಸ ಮರೀನ್ ಪ್ಲೈವುಡ್ ತುಂಡು ಕೂರಿಸಿ, ಮ್ಯಾಲೆ ಫೈಬರ್ ಮ್ಯಾಟು, ಪಾಲಿಯೆಸ್ಟರ್ ರೆಸಿನ್. 100 ಗ್ರಾಂ ರೆಸಿನ್ನಿಗೆ ಹಾರ್ಡ್ನರ್ 1ರಿಂದ 2 ಗ್ರಾಂ. ಬ್ಯಾಸಿಗಿಯಾಗ 1 ಗ್ರಾಂ ಹತ್ತಿರ ಇರಲಿ, ಬೆಳಿಗ್ಗೆ ತಂಪೊತ್ತಿನಾಗ ಮಾಡ್ರಿ, ಇಲ್ಲಾಂದ್ರೆ ಡಬ್ಬಿಯಾಗೇ ಬಿಸಿ ಆಗಿ ಗಟ್ಟಿ ಆಗ್ತೈತಿ. ಕೋಬಾಲ್ಟ್ ಬೇರೆ ಕೊಟ್ಟಿದ್ರೆ ಮೊದಲು ಅದನ್ನ ರೆಸಿನ್ನಿಗೆ ಕಲಸ್ರಿ. ಕೋಬಾಲ್ಟು, ಹಾರ್ಡ್ನರು ನೇರ ಸೇರಿಸಿದ್ರೆ ಬೆಂಕಿ ಹತ್ತಬಹುದು, ಸಿಡೀಬಹುದು. ಪ್ರತಿ ಪದರಕ್ಕೂ ರೋಲರ್ ಹೊಡೆದು ಗಾಳಿಗುಳ್ಳೆ ತೆಗೀರಿ.

ಕೊನೆಗೆ ಜೆಲ್ ಕೋಟ್ ಬಳಿದು, ಹಸಿ ಇದ್ದಾಗಲೇ ಜರಡಿ ಹಿಡಿದ ಹೊಳೆಮರಳು ಉದುರಿಸಿದ್ವಿ, ಒದ್ದೆ ಕಾಲು ಜಾರಬಾರದು ಅಂತ. ಮೂರು ದಿನ ಬಿಟ್ಟು ತಮ್ಮನೇ ಮೊದಲು ಹತ್ತಿ ಕುಣಿದು ನೋಡಿದ. ಅಲುಗಾಡಲಿಲ್ಲ.

ಸ್ವಲ್ಪ ಮ್ಯಾಟು ಉಳಿದೈತಿ, ಬೇಕಾದವರು ಬಂದು ಒಯ್ಯಿರಿ. ಔಷಧ ಹೊಡೆಯೋ ಪಂಪಿನ ಟ್ಯಾಂಕಿಗೆ ಮಾತ್ರ ಕೇಳಬ್ಯಾಡ್ರಿ, ಅದು ಬೇರೆ ಪ್ಲಾಸ್ಟಿಕ್, ಅದಕ್ಕ ಈ ರೆಸಿನ್ ಅಂಟಂಗಿಲ್ಲ.