ಯಾವ ತೋಟಾ ತಗೊಳ್ಳಲಿ?

ಎರಡು ವರ್ಷದ ಹಿಂದೆ ಯಾರಾದ್ರೂ ನನ್ನ ಫೋನ್ ಕಸಿದು ನಾನೇನು ಹುಡುಕ್ತಿದ್ದೆ ಅಂತ ನೋಡಿದ್ದರೆ, ಇವನು ಕೋಡಿಂಗ್ ಬಿಟ್ಟು ಸೈನ್ಯ ಸೇರ್ತಿದಾನೆ ಅಂದ್ಕೊಳ್ಳಬೇಕಿತ್ತು. 6.5 ಕ್ರೀಡ್‌ಮೂರಾ, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ಮಾ, .300 ವಿನ್ ಮ್ಯಾಗಾ? ರಾತ್ರಿ ಹನ್ನೆರಡರವರೆಗೆ ಇದೇ ಧ್ಯಾನ. ಕೊಲರಾಡೊ ಬೆಟ್ಟಗಳಲ್ಲಿ ಮೊದಲ ಸಲ ಎಲ್ಕ್ ಬೇಟೆಗೆ ಹೊರಟಿದ್ದೆ. ಎಲ್ಕ್ ಅಂದ್ರೆ ನಮ್ಮ ಕಡವೆಯ ದೊಡ್ಡಣ್ಣ ಅಂದ್ಕೊಳ್ಳಿ. ಬಲಿತ ಗಂಡು 300 ಕೆಜಿ ಮೇಲೆ ತೂಗುತ್ತೆ.

ನಮ್ಮದು ಕೊಡಗು. ಕೈಲ್‌ಪೊಳ್ದ್ ದಿನ ಅಜ್ಜನ ಜೋಡು ನಳಿಗೆಯ ಕೋವಿಯನ್ನ ಒರೆಸಿ, ಹೂವಿಟ್ಟು ಪೂಜೆ ಮಾಡೋದನ್ನ ನೋಡಿಯೇ ಬೆಳೆದವನು. ಆದರೆ ಅದರಿಂದ ಪ್ರಾಣಿಗೆ ಗುಂಡು ಹಾರಿದ್ದನ್ನ ಒಮ್ಮೆಯೂ ನೋಡಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅನ್ನೋದು ನಮ್ಮನೇಲಿ ಕಥೆಯಾಗಿ ಉಳೀತು ಅಷ್ಟೆ. ಉಳಿದ ಬೇಟೆ ಜ್ಞಾನವೆಲ್ಲ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳದ್ದು. ಆಂಡರ್ಸನ್ ಕೈಲಿದ್ದದ್ದು .405 ವಿಂಚೆಸ್ಟರ್. ದಪ್ಪ ಗುಂಡು, ನಿಧಾನದ ಗುಂಡು. ನಮ್ಮ ಕಾಡಿಗೆ ಅದು ಸರಿ, ಯಾಕಂದ್ರೆ ಲಂಟಾನದ ನಡುವೆ 30 ಗಜದಾಚೆ ಏನೂ ಕಾಣಲ್ಲ. ಇಲ್ಲಿ ಹಾಗಲ್ಲ. ಒಂದು ಕಣಿವೆಯ ಅಂಚಲ್ಲಿ ಕೂತರೆ ಎದುರಿನ ಹುಲ್ಲುಗಾವಲು ಪೂರ್ತಿ ಕಾಣುತ್ತೆ, ಪ್ರಾಣಿ 500 ಗಜ ದೂರದಲ್ಲಿ ಆರಾಮಾಗಿ ಮೇಯ್ತಾ ಇರುತ್ತೆ. ಕಂಡ ಮೇಲೆ ಹೊಡೀಬಹುದಲ್ವಾ ಅನ್ನಿಸೋದೇ ತೊಂದರೆ.

(ಎಚ್-1ಬಿಯಲ್ಲಿರುವ ಗೆಳೆಯರು ಕೇಳ್ತಾರೆ, ಅದಕ್ಕೇ ಹೇಳಿಬಿಡ್ತೀನಿ: ಆ ವೀಸಾದಲ್ಲಿ ಸಾಮಾನ್ಯವಾಗಿ ಇಲ್ಲಿ ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಇಲ್ಲಿನ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ನಾನು ಗ್ರೀನ್ ಕಾರ್ಡ್ ಬರೋವರೆಗೆ ಕಾದೆ.)

ಕೊಲರಾಡೊದಲ್ಲಿ ಎಲ್ಕ್‌ಗೆ ಕಾನೂನು ಕೇಳೋದು ತೀರಾ ಕಡಿಮೆ. ನಳಿಗೆ ಕನಿಷ್ಠ .24 ಕ್ಯಾಲಿಬರ್, ಅರಳುವ ಗುಂಡು 85 ಗ್ರೇನ್, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ. ಅದರ ಮೇಲೆ ನೂರಾರು ತೋಟಾ ಸಿಗುತ್ತೆ. ನಮ್ಮ ಆಫೀಸಿನ ಹಿರಿಯರೊಬ್ಬರು, ನನ್ನನ್ನ ಈ ಹುಚ್ಚಿಗೆ ಹಚ್ಚಿದವರು, ಇವತ್ತಿಗೂ 1906ರಲ್ಲಿ ಹುಟ್ಟಿದ .30-06 ಇಟ್ಕೊಂಡಿದಾರೆ. ನನಗೋ ಹೊಸದು ಬೇಕಿತ್ತು. ಎಲ್ಕ್‌ಗೆ ಗುಂಡು ತಾಗುವಾಗ 1,500 ಅಡಿ-ಪೌಂಡ್ ಇರಬೇಕು ಅಂತ ಇಲ್ಲಿ ಒಂದು ಬಾಯಿಮಾತಿನ ಲೆಕ್ಕ ಇದೆ. ಕ್ರೀಡ್‌ಮೂರ್ ಸುಮಾರು 400 ಗಜಕ್ಕೇ ಆ ಗೆರೆಗೆ ಇಳಿದುಬಿಡುತ್ತೆ, .300 ವಿನ್ ಮ್ಯಾಗ್ 500ರಲ್ಲೂ ಆರಾಮಾಗಿ ಮೇಲಿರುತ್ತೆ. ಇನ್ನೇನು ಯೋಚನೆ ಅಂತ ವಿನ್ ಮ್ಯಾಗ್ ತಗೊಂಡೆ. ಬೆಟ್ಟ ಹತ್ತಬೇಕಲ್ಲ ಅಂತ ಬಂದೂಕೂ ಹಗುರದ್ದೇ. ಅಂಗಡಿಯವನು ಖುಷಿಯಾಗಿ ಪ್ಯಾಕ್ ಮಾಡಿ ಕೊಟ್ಟ.

ಹಗುರದ ಬಂದೂಕಲ್ಲಿ ದೊಡ್ಡ ತೋಟಾ ಹಾಕಿದ್ರೆ ಏನಾಗುತ್ತೆ ಅಂತ ಮೊದಲ ದಿನವೇ ಭುಜಕ್ಕೆ ಗೊತ್ತಾಯ್ತು. ಅದನ್ನ ಒಪ್ಪಿಕೊಳ್ಳೋಕೆ ಮನಸ್ಸಿಗೆ ಒಂದು ವರ್ಷ ಬೇಕಾಯ್ತು. ಆ ಬೇಸಿಗೆ ಪೂರ್ತಿ ಹೊಡೆದದ್ದು ನಲವತ್ತು ಈಡು, ಅಷ್ಟೂ ಮೇಜಿನ ಮೇಲೆ ಮರಳು ಚೀಲ ಇಟ್ಟು.

ಅಕ್ಟೋಬರ್‌ನ ಒಂದು ಸಂಜೆ, ಸುಮಾರು ಹತ್ತು ಸಾವಿರ ಅಡಿ ಎತ್ತರ. ದೂರಮಾಪಕ 460 ಗಜ ಅಂತ ತೋರಿಸ್ತು. ಹಿರಿಯರು ಮೆಲ್ಲಗೆ "ಹತ್ತಿರ ಹೋಗೋಣ" ಅಂದ್ರು. ಬೆಳಕು ಹೋಗ್ತಿತ್ತು. ನಾನು ಹೊಡೆದುಬಿಟ್ಟೆ.

ಎಲ್ಕ್ ಬೆನ್ನು ಬಾಗಿಸಿ ನಿಧಾನಕ್ಕೆ ಮರಗಳೊಳಗೆ ಹೋಯ್ತು. ಬೆನ್ನು ಬಾಗಿಸೋದು ಅಂದ್ರೆ ಏಟು ಹೊಟ್ಟೆಗೆ ಬಿದ್ದಿದೆ ಅಂತ. ಹಿರಿಯರು ಬೈಯಲಿಲ್ಲ, ಬೈದಿದ್ರೆ ವಾಸಿಯಿತ್ತು. ಗಾಯದ ಪ್ರಾಣಿಯನ್ನ ತಕ್ಷಣ ಅಟ್ಟಿಸಿದ್ರೆ ಮೈಲಿಗಟ್ಟಲೆ ಹೋಗುತ್ತೆ, ಬೆಳಿಗ್ಗೆವರೆಗೆ ಬಿಡೋಣ ಅಂದ್ರು. ಆ ರಾತ್ರಿ ಟೆಂಟಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ಅದು ಎಲ್ಲೋ ಕತ್ತಲಲ್ಲಿ ಮಲಗಿ ಉಸಿರು ಬಿಡ್ತಿದೆ ಅನ್ನೋದು ಬಿಟ್ಟು ಬೇರೇನೂ ತಲೆಗೆ ಬರ್ತಿರಲಿಲ್ಲ. ಬೆಳಿಗ್ಗೆ ನಾಲ್ಕು ತಾಸು ಮಂಡಿಯೂರಿ ರಕ್ತದ ಹನಿ ಹುಡುಕಿದ ಮೇಲೆ ಸಿಕ್ತು. ಸತ್ತಿತ್ತು. ಮಾಂಸದಲ್ಲಿ ಒಂದಷ್ಟು ಕೆಟ್ಟಿತ್ತು. ಉಳಿದದ್ದನ್ನ ಹೊತ್ತು ಇಳಿಸಿದೆವು. ಮನೇಲಿ ಕಾಚಂಪುಳಿ ಹಾಕಿ ಕರಿ ಮಾಡಿದ್ರೂ ನನಗೆ ಗಂಟಲಲ್ಲಿ ಇಳೀಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಂಜಿನಿಯರ್ ಬುದ್ಧಿ, ಏನ್ಮಾಡ್ಲಿ. 460 ಗಜ ತಲುಪೋಕೆ ಆ ಗುಂಡಿಗೆ ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಇಡಬಹುದು. 200 ಗಜಕ್ಕೆ ಗುರಿ ಕೂರಿಸಿದ್ರೆ ಅಲ್ಲಿ ಗುಂಡು ಎರಡು ಅಡಿಗೂ ಹೆಚ್ಚು ಕೆಳಗಿರುತ್ತೆ. ಅದನ್ನ ದುರ್ಬೀನಿನ ತಿರುಪಿನಲ್ಲಿ ಸರಿ ಮಾಡಬಹುದು, ಮಾಡಿದ್ದೆ ಕೂಡ. ಗಾಳಿಯನ್ನ ಏನು ಮಾಡ್ತೀರಿ? ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅಷ್ಟು ದೂರದಲ್ಲಿ ಗುಂಡನ್ನ ಒಂದು ಅಡಿಗಿಂತ ಹೆಚ್ಚು ಪಕ್ಕಕ್ಕೆ ತಳ್ಳುತ್ತೆ. ಎಲ್ಕ್‌ನ ಶ್ವಾಸಕೋಶದ ಜಾಗವೇ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ನಾನು ಕೂತಲ್ಲಿ ಗಾಳಿಯೇ ಇರಲಿಲ್ಲ. ನಡುವಿನ ಕಣಿವೆಯಲ್ಲಿ ಇತ್ತೋ ಏನೋ, ನಾನು ನೋಡಲೇ ಇಲ್ಲ.

ಇನ್ನೊಂದು ಕಾರಣ ಹಿರಿಯರು ತೋರಿಸಿಕೊಟ್ರು. ರೇಂಜಿನಲ್ಲಿ ನನಗೆ ಗೊತ್ತಾಗದ ಹಾಗೆ ಒಂದು ಸುಳ್ಳು ತೋಟಾ ತುಂಬಿ ಕೊಟ್ರು. ಟ್ರಿಗರ್ ಎಳೆದೆ, ಟಕ್ ಅಂತು ಅಷ್ಟೆ. ಆದರೂ ನಳಿಗೆ ಜಗ್ಗಂತ ಕೆಳಗೆ ಬಗ್ಗಿತು, ನನ್ನ ಎರಡೂ ಕಣ್ಣು ಮುಚ್ಚಿದ್ವು. ಏಟು ಬೀಳೋ ಮುಂಚೆಯೇ ಭುಜ ಹೆದರ್ತಿತ್ತು.

ಹಳೇ ತೋಟಾ ಬಂದೂಕು ಮಾರಿ 6.5 ಕ್ರೀಡ್‌ಮೂರ್ ತಗೊಂಡೆ. 2007ರಲ್ಲಿ ಹಾರ್ನಡಿ ಕಂಪನಿ ಇದನ್ನ ತಂದದ್ದು ಗುರಿ ಸ್ಪರ್ಧೆಯವರಿಗಾಗಿ. ಭುಜಕ್ಕೆ ಬೀಳೋ ಏಟು ವಿನ್ ಮ್ಯಾಗ್‌ನ ಅರ್ಧಕ್ಕಿಂತ ಕಡಿಮೆ. ಎಲ್ಕ್‌ಗೆ ಇದು ಸಾಲದು ಅನ್ನೋವ್ರು ಬಹಳ ಜನ ಇದಾರೆ. 500 ಗಜಕ್ಕೆ ಸಾಲದು, ಒಪ್ತೀನಿ. ನಾನು ನನ್ನ ಮಿತಿಯನ್ನೇ 300 ಗಜ ಮಾಡಿಕೊಂಡೆ. ತೋಟಾದ ಹೆಸರಿಗಿಂತ ಗುಂಡಿನ ಹೊಟ್ಟೆಯೊಳಗೆ ಏನಿದೆ ಅನ್ನೋದು ಮುಖ್ಯ ಅಂತಲೂ ಆಗ ಓದಿದೆ. ಜಾನ್ ನಾಸ್ಲರ್ ಅನ್ನೋವ್ರು 1946ರಲ್ಲಿ ಕೆನಡಾದಲ್ಲಿ ಒಂದು ಮೂಸ್‌ಗೆ ಹೊಡೆದ್ರೆ ಗುಂಡು ಒಳಗೆ ಹೋಗದೆ ಮೇಲ್ಮೇಲೇ ಒಡೆದು ಹೋಯ್ತಂತೆ. ಅದಕ್ಕೇ ನಡುವೆ ತಾಮ್ರದ ಅಡ್ಡಗೋಡೆ ಇರೋ ಪಾರ್ಟಿಶನ್ ಗುಂಡು ಮಾಡಿ 1948ರಿಂದ ಮಾರಿದ್ರು. ನಾನೀಗ ಪೂರಾ ತಾಮ್ರದ್ದು ಬಳಸ್ತೀನಿ. ಮಾಂಸದಲ್ಲಿ ಸೀಸದ ಚೂರು ಉಳಿಯಲ್ಲ, ಮನೇಲಿ ಚಿಕ್ಕ ಮಗು ಇದೆ.

ಈ ಸಲ ಬೇಸಿಗೆಯಲ್ಲಿ ಮುನ್ನೂರು ಈಡು ಹೊಡೆದೆ. ಕೂತು, ಮಂಡಿಯೂರಿ, ಬೆನ್ನುಚೀಲದ ಮೇಲೆ ಒರಗಿಸಿ, ಓಡಿ ಬಂದು ಏದುಸಿರಲ್ಲಿ. ಮೇಜು ಮುಟ್ಟಲಿಲ್ಲ.

ಅಕ್ಟೋಬರ್‌ನಲ್ಲಿ ಮತ್ತೆ ಅದೇ ಬೆಟ್ಟ. ಮೂರನೇ ದಿನ ಎದುರಿನ ಇಳಿಜಾರಲ್ಲಿ ಆರು ಎಲ್ಕ್, 540 ಗಜ. ಒಂದು ದೊಡ್ಡ ಗಂಡು ಪೂರ್ತಿ ಪಕ್ಕೆ ತೋರಿಸ್ತಾ ನಿಂತಿತ್ತು. ಹಳೇ ಬಂದೂಕು ಇದ್ದಿದ್ರೆ ಅಂತ ಒಂದು ಕ್ಷಣ ಅನ್ನಿಸ್ತು, ಸುಳ್ಳು ಹೇಳಲ್ಲ. ಬೂಟಿನ ದಾರ ಬಿಗಿದು ಕಣಿವೆ ಇಳಿದೆ.

ವಾಪಸ್ ಬಂದು ಅಪ್ಪನಿಗೆ ಫೋನ್ ಮಾಡಿದೆ. (ನಮ್ಮ ಮನೆಮಾತು ಬೇರೆ, ಇಲ್ಲಿ ಕನ್ನಡದಲ್ಲಿ ಬರೀತಿದೀನಿ.)

"ಸಿಕ್ತಾ?"

"ಇಲ್ಲಪ್ಪ. ಎರಡು ತಾಸು ನಡೆದು ಹತ್ತಿರ ಹೋಗೋಷ್ಟರಲ್ಲಿ ಗುಡ್ಡ ದಾಟಿಬಿಟ್ಟಿದ್ವು."

"ಗಾಳಿ ಯಾವ ಕಡೆಯಿಂದ ಇತ್ತು?"

ಯೋಚಿಸಿದೆ. "ನನ್ನ ಬೆನ್ನ ಹಿಂದಿನಿಂದ."

"ಮತ್ತೆ?" ಅಂದ್ರು ಅಪ್ಪ, ನಕ್ಕರು.