ಅದಿರಿನ ಊರಲ್ಲಿ ಒಂದು ನೋವಾ

10 ಆಗಸ್ಟ್ 2021, ಮಂಗಳವಾರ

ಮಳೆ ಬಿಟ್ಟು ದಕ್ಷಿಣಕ್ಕೆ ಮೋಡ ಹರಿದಿತ್ತು. ಟೌನ್‌ಶಿಪ್‌ನ ದೀಪ ಬೀಳದ ಕಡೆ ನಿಂತು ಉರಗಧರ ಪುಂಜಕ್ಕೆ ಬೈನಾಕ್ಯುಲರ್ ಹಿಡಿದೆ. ಆರ್‌ಎಸ್ ಆಫಿಯೂಕಿ ಸಿಕ್ಕಿತು! ಎಂದಿನ ಕಾಂತಿಮಾನ 12ರ ಆಸುಪಾಸು; ನನ್ನ ಬೈನಾಕ್ಯುಲರಿಗೆ ಎಟುಕದ್ದು. ಈಗ 5ರ ಸಮೀಪ; ಅಂಕಿ ಇಳಿದಷ್ಟೂ ಹೊಳಪು ಹೆಚ್ಚು. 8ರ ರಾತ್ರಿ ಐರ್ಲೆಂಡಿನ ಹವ್ಯಾಸಿ ಕೀತ್ ಗೀರಿ ಇದನ್ನು ಕಂಡರಂತೆ.

13 ಆಗಸ್ಟ್, ನಾಗರಪಂಚಮಿ

ಇಡೀ ರಾತ್ರಿ ಮೋಡ. ಓದಿದ್ದನ್ನು ಬರೆದಿಡುತ್ತೇನೆ. ಆರ್‌ಎಸ್ ಆಫಿಯೂಕಿಯಲ್ಲಿರುವುದು ಜೋಡಿ: ಒಂದು ಕೆಂಪು ದೈತ್ಯ, ಇನ್ನೊಂದು ಶ್ವೇತಕುಬ್ಜ. ಒಂದು ಸುತ್ತಿಗೆ ಸುಮಾರು 455 ದಿನ. ದೈತ್ಯನ ಅನಿಲ ಕುಬ್ಜದ ಮೇಲೆ ಬಿದ್ದು ಪದರಗಟ್ಟುತ್ತದೆ. ಒತ್ತಡ, ಕಾವು ಏರಿ ಹೈಡ್ರೋಜನ್ ಒಮ್ಮೆಲೇ ಹೊತ್ತಿಕೊಂಡು ಪದರ ಸಿಡಿಯುತ್ತದೆ; ಅದೇ ನೋವಾ. ನಕ್ಷತ್ರ ಉಳಿಯುತ್ತದೆ. 1898, 1933, 1958, 1967, 1985, 2006ರಲ್ಲೂ ಹೀಗೇ ಆಗಿತ್ತು.

ಅವ್ವ ಕೇಳಿದಳು: "ಒಂದಾ ಚುಕ್ಕಿ ಎಷ್ಟು ಸಲ ಸಾಯ್ತದೋ?"

"ಸಾಯೋದಲ್ಲವ್ವ, ಮೈ ಕೊಡವಿಕೊಳ್ಳೋದು."

1985ರ ಸ್ಫೋಟದ ರೋಹಿತವನ್ನು ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ, ಟಿ.ಪಿ. ಪ್ರಭು ಅಧ್ಯಯನ ಮಾಡಿದ್ದರು. ಈಗ ಅದೇ ಸಂಸ್ಥೆಯವರು ಹೊಸಕೋಟೆಯಲ್ಲೇ ಕೂತು ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ 'ಹಿಮಾಲಯನ್ ಚಂದ್ರ' ದೂರದರ್ಶಕ ನಡೆಸುತ್ತಾರೆ. ಅದರ ಹೆಸರಿನಲ್ಲಿರುವ 'ಚಂದ್ರ' ಎಂದರೆ ಸುಬ್ರಹ್ಮಣ್ಯನ್ ಚಂದ್ರಶೇಖರ್.

17 ಆಗಸ್ಟ್, ಮಂಗಳವಾರ

ನಿಂತಿದ್ದ ಇಲ್ಲಿನ ಕಬ್ಬಿಣದ ಗಣಿ ಫೆಬ್ರುವರಿಯಲ್ಲಿ ಮತ್ತೆ ಶುರುವಾದ ಮೇಲೆ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಬಿಡುವಿಲ್ಲ. ಇವತ್ತೂ ಅದಿರಿನ ಪುಡಿ ಆಮ್ಲದಲ್ಲಿ ಕರಗಿಸಿ, ಬ್ಯುರೆಟ್‌ನಿಂದ ಡೈಕ್ರೊಮೇಟ್ ಹನಿಸುತ್ತಿದ್ದೆ. ಹಸಿರು ದ್ರಾವಣ ಕೊನೆಯ ಹನಿಗೆ ನೇರಳೆಯಾಯಿತು. ಕಬ್ಬಿಣ ಶೇ. 64.

ಈ ಕಬ್ಬಿಣ ಎಲ್ಲಿಯದು? ಸಂಡೂರಿನ ಈ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ಕಬ್ಬಿಣ ಸೂರ್ಯನಿಗಿಂತಲೂ ಹಳೆಯದು. ಒಂದಷ್ಟು ಭಾರೀ ನಕ್ಷತ್ರಗಳ ಸಾವಿನಲ್ಲಿ ಹುಟ್ಟಿದ್ದು, ಬಹುಪಾಲು ಶ್ವೇತಕುಬ್ಜಗಳ ಪೂರ್ಣ ಸ್ಫೋಟದಲ್ಲಿ. ಕುಬ್ಜದ ತೂಕ ಸೂರ್ಯನ 1.4 ಪಟ್ಟು, ಅಂದರೆ ಚಂದ್ರಶೇಖರ್ ಮಿತಿ, ಮುಟ್ಟುವ ಹೊತ್ತಿಗೆ ಇಂಗಾಲ ಹೊತ್ತಿಕೊಂಡು ಇಡೀ ನಕ್ಷತ್ರ ಸಿಡಿಯಬಹುದು. ಆಗ ಹುಟ್ಟುವ ನಿಕ್ಕಲ್-56 ಕೋಬಾಲ್ಟ್ ಆಗಿ, ಕೋಬಾಲ್ಟ್ ಕಬ್ಬಿಣವಾಗುತ್ತದೆ. ಅರ್ಧಾಯುಷ್ಯ ಮೊದಲನೆಯದಕ್ಕೆ 6 ದಿನ, ಎರಡನೆಯದಕ್ಕೆ 77.

20 ಆಗಸ್ಟ್, ವರಮಹಾಲಕ್ಷ್ಮಿ ಹಬ್ಬ

ಬೆಳದಿಂಗಳು ಜೋರು. ಕಷ್ಟಪಟ್ಟು ಹುಡುಕಿದೆ; ಕಾಂತಿ 7ರ ಸಮೀಪಕ್ಕೆ ಇಳಿದಿದೆ. ಈ ಕುಬ್ಜದ ತೂಕವೂ ಮಿತಿಗೆ ಹತ್ತಿರವಿದೆ. ಆದರೆ ಪ್ರತಿ ಸಿಡಿತದಲ್ಲಿ ಅದು ಗಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಂಡರೆ ಎಂದೂ ಮುಟ್ಟದು. ಗಳಿಕೆಯೇ ಹೆಚ್ಚಾದರೆ ಇನ್ಯಾವುದೋ ಲೋಕದ ಬೆಟ್ಟಕ್ಕೆ ಅದಿರು. ಈ ಜಮಾಖರ್ಚಿನಲ್ಲಿ ಖಗೋಳಜ್ಞರಿಗೇ ಒಮ್ಮತವಿಲ್ಲ. ಪಕ್ಕದ ತಾರೆಗಳೊಂದಿಗೆ ಹೋಲಿಸಿ ಮಾಡಿದ ಇವತ್ತಿನ ಅಂದಾಜನ್ನು ಅಮೆರಿಕದ ಚರತಾರಾ ವೀಕ್ಷಕರ ಸಂಘಕ್ಕೆ ಕಳಿಸಿದೆ.