ಅಜ್ಜ ಕೇಳದ ಫೈನಲ್

ಮೊನ್ನೆ ಭಾನುವಾರ ಹೆಂಡತಿಯ ಒತ್ತಾಯಕ್ಕೆ ಅಟ್ಟ ಸ್ವಚ್ಛ ಮಾಡಲು ಹತ್ತಿದ್ದೆ. ಕೋಥರೂಡಿನ ನಮ್ಮ ಈ ಫ್ಲಾಟಿಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಅಟ್ಟದಲ್ಲಿ ಏನೇನಿದೆ ಅಂತ ನಮಗೇ ಮರೆತುಹೋಗಿದೆ. ಹಳೇ ಕುಕ್ಕರು, ಮಗನ ಸೈಕಲ್ಲಿನ ಬುಟ್ಟಿ ಎಲ್ಲ ಸರಿಸಿದ ಮೇಲೆ ಹಿಂದೆ ಅಜ್ಜನ ತಗಡಿನ ಟ್ರಂಕು ಕಾಣಿಸಿತು. ಅದರೊಳಗೆ ಅವನ ಜಪದ ಪುಸ್ತಕ. ಪುಸ್ತಕದೊಳಗೆ ಸಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಅಜ್ಜನ ಬಗ್ಗೆ ಸ್ವಲ್ಪ ಹೇಳಬೇಕು.

ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ನಮ್ಮ ಮನೆ ಕೇಶ್ವಾಪುರದಲ್ಲಿ. ಅವನಿಗೆ ಗೊತ್ತಿದ್ದದ್ದು ಮೂರೇ ದಾರಿ... ವರ್ಕ್‌ಶಾಪು, ಚರ್ಚು, ಹಾಕಿ ಮೈದಾನ. ಪ್ರಾಯದಲ್ಲಿ ಬರಿಗಾಲಲ್ಲಿ ಲೆಫ್ಟ್ ಹಾಫ್ ಆಡುತ್ತಿದ್ದನಂತೆ, ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಭಾನುವಾರ ಬೆಳಗಿನ ಪೂಜೆ ತಪ್ಪಿಸಿದವನಲ್ಲ, ಸಂಜೆಯ ಮ್ಯಾಚೂ ತಪ್ಪಿಸಿದವನಲ್ಲ. ಶನಿವಾರ ಪಾಪನಿವೇದನೆಗೆ ಹೋದರೆ ಅವನ ದೊಡ್ಡ ಪಾಪ ಒಂದೇ, ಅಂಪೈರಿಗೆ ಬೈದದ್ದು. ಇದನ್ನು ಅವನೇ ನಗುತ್ತ ಹೇಳಿಕೊಳ್ಳುತ್ತಿದ್ದ. ಸ್ವಾಮಿಗಳಿಗೂ ಹಾಕಿಯ ಹುಚ್ಚು. ‘ಯಾವ ಅಂಪೈರ್?’ ಅಂತ ಕೇಳಿ, ಹೆಸರು ತಿಳಿದ ಮೇಲೆ ಪ್ರಾಯಶ್ಚಿತ್ತ ಕಡಿಮೆ ಮಾಡುತ್ತಿದ್ದರಂತೆ!

1975ರ ಜನವರಿಯಲ್ಲಿ ನನಗೆ ಟೈಫಾಯ್ಡ್ ಬಂತು. ಆಗ ನನಗೆ ಒಂಬತ್ತು ವರ್ಷ. ಹುಡುಗ ಉಳಿಯುವುದು ಕಷ್ಟ ಅನ್ನುವ ತನಕ ಹೋಗಿತ್ತು. ಉಳಿದೆ. ಫೆಬ್ರವರಿ 12ರಂದು ಬೂದಿ ಬುಧವಾರ. ನಮ್ಮಲ್ಲಿ ಅಂದಿನಿಂದ ಪಾಸ್ಕ ಹಬ್ಬದವರೆಗೆ ತಪಸ್ಸುಕಾಲ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಸಿಗರೇಟು, ಕೆಲವರು ಕುಡಿತ. ಅಜ್ಜ ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬಂದವನೇ ಮರ್ಫಿ ರೇಡಿಯೊವನ್ನು ಟವೆಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟ. ಪಾಸ್ಕದ ತನಕ ಆಟದ ಸುದ್ದಿಯೇ ಬೇಡ ಅಂತ ಹರಕೆ.

ಆ ವರ್ಷ ಮಾರ್ಚಿನಲ್ಲಿ ಏನಿತ್ತು ಅಂತ ಹಾಕಿ ಬಲ್ಲವರಿಗೆ ಹೇಳಬೇಕಿಲ್ಲ. ಕ್ವಾಲಾಲಂಪುರದ ವಿಶ್ವಕಪ್. ಅಜಿತ್‌ಪಾಲ್ ಸಿಂಗ್ ನಾಯಕ, ನಮ್ಮ ಕೊಡಗಿನ ಬಿ.ಪಿ. ಗೋವಿಂದ ತಂಡದಲ್ಲಿದ್ದರು. ಮಾರ್ಚ್ 15, ಶನಿವಾರ, ಪಾಕಿಸ್ತಾನದ ಜತೆ ಫೈನಲ್. ಕೇರಿಯಲ್ಲಿ ಪ್ರತಿ ಕಿಟಕಿಯಲ್ಲೂ ರೇಡಿಯೊ, ಜಸ್‌ದೇವ್ ಸಿಂಗ್ ಅವರ ಹಿಂದಿ ಕಾಮೆಂಟರಿ. ಬಾಗಿಲು ಹಾಕಿಕೊಂಡರೂ ಕಿವಿಗೆ ಬೀಳುತ್ತಿತ್ತು. ಅಜ್ಜ ಏನು ಮಾಡಿದ ಗೊತ್ತೇ? ಜಪಸರ ಜೇಬಿಗೆ ಹಾಕಿಕೊಂಡು ಉಣಕಲ್ ಕೆರೆಯ ತನಕ ನಡೆದುಕೊಂಡು ಹೋಗಿಬಿಟ್ಟ! ಅಜ್ಜಿಗೆ ಸಿಟ್ಟು ನೆತ್ತಿಗೇರಿತ್ತು. ‘ಎಲ್ಲಾ ಇವನ ಸಲುವಾಗಿ’ ಅಂತ ನನ್ನ ಕಡೆ ಕೈ ತೋರಿಸಿದಳು. ಹರಕೆ ನನ್ನ ಜೀವಕ್ಕೆ ಹೊತ್ತದ್ದು ಅಂತ ನನಗೆ ತಿಳಿದದ್ದೇ ಆವತ್ತು. ತಿಳಿದರೂ ನಾನು ಪಕ್ಕದ ಮನೆಗೆ ಓಡಿ ಕಾಮೆಂಟರಿ ಕೇಳಿದೆ. ಒಂಬತ್ತು ವರ್ಷದವನಿಗೆ ಇನ್ನೆಷ್ಟು ಬುದ್ಧಿ...

ಕತ್ತಲಾದ ಮೇಲೆ ಅಜ್ಜ ವಾಪಸ್ ಬಂದ. ಬೀದಿಯ ಕುಣಿತ ನೋಡಿ ಗೆದ್ದದ್ದು ತಿಳಿದೇ ಇರುತ್ತದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ. ‘ಈಗ ಬ್ಯಾಡ. ಪಾಸ್ಕದ ದಿನ ಹೇಳು.’ ಹದಿನೈದು ದಿನ ಪೇಪರನ್ನೂ ಮುಟ್ಟಲಿಲ್ಲ.

ಮಾರ್ಚ್ 29ರ ರಾತ್ರಿ ಪೂಜೆ ಮುಗಿದು ಮೇಣದ ಬತ್ತಿ ಹಿಡಿದು ಹೊರಗೆ ಬಂದಾಗ ಅವನು ಕೇಳಿದ ಮೊದಲ ಮಾತು, ‘ಈಗ ಹೇಳಪಾ, ಗೋಲು ಹೆಂಗ ಬಂದ್ವು?’ ನಡೆದುಕೊಂಡು ಬರುತ್ತ ಎಲ್ಲ ಹೇಳಿದೆ. ಸೆಮಿಫೈನಲ್ಲಿನಲ್ಲಿ ಮಲೇಷ್ಯಾದ ಎದುರು ಇನ್ನೇನು ಸೋತೆವು ಅನ್ನುವಾಗ ಅಸ್ಲಂ ಶೇರ್ ಖಾನ್ ಕೊರಳಿನ ತಾಯತಕ್ಕೆ ಮುತ್ತಿಟ್ಟು ಹೊಡೆದ ಗೋಲು ಹೇಳಿದಾಗ ಅಜ್ಜ ಅಲ್ಲೇ ನಿಂತು ಶಿಲುಬೆ ಗುರುತು ಹಾಕಿಕೊಂಡ. ಫೈನಲ್ಲಿನಲ್ಲಿ ಮೊದಲ ಗೋಲು ಪಾಕಿಸ್ತಾನದ್ದು, ಆಮೇಲೆ ಸುರ್ಜಿತ್ ಸಿಂಗ್ ಸಮ ಮಾಡಿದ್ದು. ಗೆಲುವಿನ ಗೋಲು ಧ್ಯಾನ್‌ಚಂದರ ಮಗ ಅಶೋಕ್ ಕುಮಾರನದು. ನಿಜ ಹೇಳಬೇಕೆಂದರೆ ಆ ಗೋಲಿನ ಹೊತ್ತಿಗೆ ಪಕ್ಕದ ಮನೆಯಲ್ಲಿ ಎಷ್ಟು ಗದ್ದಲ ಅಂದರೆ ನನಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಅದಕ್ಕೇ ಕಟ್ಟಿ ಹೇಳಿದೆ. ‘ನಾಕು ಮಂದೀನ್ನ ದಾಟಿಸಿ, ಗೋಲಿಯನ್ನೂ ಬೀಳಿಸಿ, ಸೀದಾ ಒಳಗ!’ ಅಜ್ಜ ‘ಆಹಾ’ ಅಂದ.

ನಾನು 1986ರಲ್ಲಿ ನೌಕರಿಗೆ ಅಂತ ಪುಣೆಗೆ ಬಂದೆ. ಅಜ್ಜಿ ತೀರಿಕೊಂಡ ಮೇಲೆ, 1995ರಲ್ಲಿ, ಅಜ್ಜನನ್ನೂ ಕರೆದುಕೊಂಡು ಬಂದೆ. ಪ್ರತಿ ಭಾನುವಾರ ಅವನಿಗೆ ನಾನಾ ಪೇಠೆಯ ಸಿಟಿ ಚರ್ಚಿಗೇ ಹೋಗಬೇಕು. ಪೇಶ್ವೆ ಸವಾಯಿ ಮಾಧವರಾಯರು ಕೊಟ್ಟ ಜಾಗದಲ್ಲಿ 1792ರಲ್ಲಿ ಎದ್ದ ಚರ್ಚು ಅದು. ಈಗಿನ ಹಾಗೆ ವನಾಜ್‌ನಿಂದ ಮೆಟ್ರೊ ಎಲ್ಲಿತ್ತು, ಪಿ.ಎಂ.ಟಿ. ಬಸ್ಸೇ ಗತಿ. ಭಾಷೆ ತಿಳಿಯದೆ ಏನು ಪೂಜೆ ಕೇಳುತ್ತೀ ಅಂದರೆ, ‘ಮೊದಲ ಎಲ್ಲಾ ಲ್ಯಾಟಿನ್‌ದಾಗ ಇತ್ತಲ್ಲ, ಆವಾಗ ಏನ್ ತಿಳೀತಿತ್ತು?’ ಅನ್ನುತ್ತಿದ್ದ. ನಾನು ಅವನನ್ನು ಒಳಗೆ ಬಿಟ್ಟು ಹೊರಗೆ ಚಹಾ ಕುಡಿಯುತ್ತ ನಿಲ್ಲುತ್ತಿದ್ದೆ. ಒಂದು ದಿನವೂ ‘ಯಾಕ ಒಳಗ ಬರಲಿಲ್ಲ’ ಅಂತ ಕೇಳಲಿಲ್ಲ.

1996ರ ವಿಶ್ವಕಪ್ ಕ್ರಿಕೆಟ್ಟಿಗೆ ನೆಹರೂ ಸ್ಟೇಡಿಯಮ್ಮಿನ ಎರಡು ಟಿಕೇಟು ಸಿಕ್ಕವು. ಫೆಬ್ರವರಿ 29, ವೆಸ್ಟ್ ಇಂಡೀಸ್ ಮತ್ತು ಕೀನ್ಯಾ. ಮತ್ತೆ ತಪಸ್ಸುಕಾಲ! ನಾನು ಅಳುಕುತ್ತಲೇ ಕೇಳಿದೆ. ‘ಈ ಸಲ ಚಾದಾಗಿನ ಸಕ್ಕರಿ ಬಿಟ್ಟೇನಿ. ಆಟ ಅಲ್ಲ. ನಡಿ’ ಅಂದ. ಎಪ್ಪತ್ತೊಂಬತ್ತು ವರ್ಷದವನನ್ನು ಚೇತಕ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸ್ವಾರಗೇಟಿಗೆ ಹೋದೆ, ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಊರಿಗೆ ಊರೇ ಲಾರಾನ ಬ್ಯಾಟಿಂಗ್ ನೋಡಲು ಬಂದಿತ್ತು. ಅಜ್ಜ ಮೊದಲಿನಿಂದ ಕೀನ್ಯಾದ ಕಡೆ. 71ರ ಹಾಕಿ ವಿಶ್ವಕಪ್ಪಿನಲ್ಲಿ ಮೂರನೇ ಸ್ಥಾನಕ್ಕೆ ನಮ್ಮನ್ನು ಬೆವರಿಳಿಸಿದವರು, ಅವರ ಹಾಕಿ ತಂಡದಲ್ಲಿ ಗೋವಾ ಮೂಲದ ಫರ್ನಾಂಡಿಸ್, ಮೆಂಡೋನ್ಸಾಗಳು ಆಡಿದವರು ಅಂತ ಅಭಿಮಾನ. ಕೀನ್ಯಾ 166ಕ್ಕೆ ಆಲೌಟ್. ಆಮೇಲೆ ಲಾರಾ 8ಕ್ಕೆ ಔಟ್! ವೆಸ್ಟ್ ಇಂಡೀಸ್ 93ಕ್ಕೆ ಮುಗಿಯಿತು. ಅಜ್ಜ ಟೋಪಿ ತೆಗೆದು ಬೀಸುತ್ತಿದ್ದ.

ಅಲ್ಲೇ ಜನ ಕರಗುವ ತನಕ ಕೂತಾಗ ಇಪ್ಪತ್ತೊಂದು ವರ್ಷದಿಂದ ಬಾಯಲ್ಲಿದ್ದ ಮಾತು ಹೊರಗೆ ಬಂತು. ‘ಅಜ್ಜ, ನನ್ನ ಸಲುವಾಗಿ ನೀ ಆ ಫೈನಲ್ ಬಿಡಬಾರದಿತ್ತು.’

‘ನೀ ಉಳದಿ. ಇಂಡಿಯಾನೂ ಗೆದ್ದಿತು. ಇನ್ನೇನು ಬೇಕೋ ಮಾರಾಯ?’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಬಿಟ್ಟೆ ಅಂತ ಯಾರು ಹೇಳಿದ್ರು? ನಿನ್ನ ಬಾಯಾಗ ಕೇಳಿದೆನಲ್ಲ’ ಅಂದ.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯಾಡ್. ನಾಯಕ ಇದೇ ಪುಣೆಯ ಖಡಕಿಯ ಧನರಾಜ್ ಪಿಳ್ಳೆ. ಕೊರಿಯಾದ ಎದುರು ಫೈನಲ್ ಟೈಬ್ರೇಕರಿಗೆ ಹೋದಾಗ ಅಜ್ಜ ಜಪಸರ ಹಿಡಿದ. ನಮ್ಮ ಆಶಿಶ್ ಬಲ್ಲಾಳ್ ಗೋಲು ತಡೆದು, 1966ರ ನಂತರ ಮೊದಲ ಬಾರಿ ಚಿನ್ನ ಬಂತು. ‘ಕೊರಿಯಾದಾಗೂ ನಮ್ಮ ಕ್ಯಾಥೊಲಿಕರು ಭಾಳ ಮಂದಿ, ಅವರೂ ಜಪಸರ ಹಿಡದಿರತಾರ, ಪಾಪ’ ಅಂತ ನಕ್ಕ. ಅವತ್ತು ಕೆಳಗಿನ ಮನೆಯ ಮರಾಠಿ ಕಾಕಾ ಬಂದಾಗ ತನ್ನ ಹರಕುಮುರುಕು ಹಿಂದಿಯಲ್ಲಿ 75ರ ಗೋಲಿನ ಕಥೆ ತೆಗೆದ. ‘ಚಾರ್ ಆದ್ಮಿ ಕೊ ಕಾಟಾ, ಗೋಲಿ ಕೊ ಭೀ ಗಿರಾಯಾ, ಸೀದಾ ಅಂದರ್!’

1999ರ ಮಳೆಗಾಲದಲ್ಲಿ ಅಜ್ಜ ಹೋದ. ಹುಬ್ಬಳ್ಳಿಯಲ್ಲಿ ಅಜ್ಜಿಯ ಪಕ್ಕ ಮಣ್ಣು ಮಾಡಲಾಗಲಿಲ್ಲ, ಇಲ್ಲೇ ಮಾಡಿದೆವು. ಅದೊಂದು ಕೊರಗು ಈಗಲೂ ಇದೆ.

ಪುಸ್ತಕದೊಳಗೆ ಸಿಕ್ಕಿದ್ದು ಒಂದು ಪೇಪರಿನ ತುಂಡು. ಮಾರ್ಚ್ 1975ರದ್ದು, ಮಡಿಕೆಯಲ್ಲಿ ಹರಿದಿದೆ. ಫೈನಲ್ಲಿನ ವರದಿ. ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲ್‌ಪೋಸ್ಟಿಗೆ ಬಡಿದು ಹೊರಗೆ ಚಿಮ್ಮಿದ್ದು, ಅದು ಗೋಲೇ ಅಲ್ಲ ಅಂತ ಪಾಕಿಸ್ತಾನದವರು ಜಗಳ ತೆಗೆದದ್ದು, ಅಂಪೈರ್ ಗೋಲು ಕೊಟ್ಟದ್ದು, ಎಲ್ಲ ಅದರಲ್ಲಿದೆ. ಪಾಸ್ಕ ಮುಗಿದ ಮೇಲೆ ಹಳೇ ಪೇಪರ್ ಹುಡುಕಿ ಕತ್ತರಿಸಿ ಇಟ್ಟುಕೊಂಡಿರಬೇಕು. ನಾಲ್ಕು ಮಂದಿಯೂ ಇಲ್ಲ, ಬಿದ್ದ ಗೋಲಿಯೂ ಇಲ್ಲ.

ತುಂಡನ್ನು ಇದ್ದ ಪುಟದಲ್ಲೇ ಇಟ್ಟು ಟ್ರಂಕನ್ನು ಮತ್ತೆ ಮೇಲೇರಿಸಿದೆ. ಅರ್ಧ ಅಟ್ಟ ಹಾಗೇ ಉಳಿದಿದೆ, ಹೆಂಡತಿ ಇನ್ನೂ ಗೊಣಗುತ್ತಿದ್ದಾಳೆ.